ಮ್ಯಾಪಿನಲ್ಲಿ ಹೆಸರಿಲ್ಲದಿದ್ದರೆ ಏರಿಯಾ ಸೇಫಾ?

ಪ್ರಶ್ನೆ: ಮೇಡಂ, ನಾವು ಮೈಸೂರಿನವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ ಆರು ವರ್ಷ. ಎಡಿಸನ್ ಹತ್ತಿರ ಒಂದು ಮನೆ ನೋಡಿದ್ದೇವೆ, ಇಬ್ಬರಿಗೂ ಇಷ್ಟವಾಗಿದೆ. ಆದರೆ ರಾಜ್ಯದ ಲೈಂಗಿಕ ಅಪರಾಧಿಗಳ ವೆಬ್‌ಸೈಟಿನಲ್ಲಿ ಹುಡುಕಿದಾಗ ಅಲ್ಲಿಂದ ಅರ್ಧ ಮೈಲಿ ದೂರದಲ್ಲಿ ಒಬ್ಬನ ವಿಳಾಸ ಸಿಕ್ಕಿತು. ನಮ್ಮ ಯಜಮಾನರು ಬೇಡವೇ ಬೇಡ ಅನ್ನುತ್ತಿದ್ದಾರೆ. ಈ ಪಟ್ಟಿ ನಂಬಿ ಮನೆ ಬಿಡಬೇಕಾ? ಇದರಿಂದ ನಿಜವಾಗಿ ಅಪರಾಧ ಕಡಿಮೆಯಾಗಿದೆಯಾ?

ಉತ್ತರ: ಎರಡನೇ ಪ್ರಶ್ನೆಗೇ ಮೊದಲು ಬರುತ್ತೇನೆ. ಜನರೆಲ್ಲ ನೋಡುವ ಹಾಗೆ ತೆರೆದಿಟ್ಟ ಪಟ್ಟಿಯಿಂದ ಲೈಂಗಿಕ ಅಪರಾಧ ಕಡಿಮೆಯಾಗಿದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಯಾರೂ ಹುಡುಕಿಲ್ಲ ಅಂತಲ್ಲ. ಚೆನ್ನಾಗಿಯೇ ಹುಡುಕಿದ್ದಾರೆ, ಅದೂ ನೀವಿರುವ ರಾಜ್ಯದಲ್ಲೇ.

ಇಂಥವರ ಬಗ್ಗೆ ಜನರಿಗೆ ತಿಳಿಸಬೇಕು ಎನ್ನುವ ಕಾನೂನು ಹುಟ್ಟಿದ್ದು ನಿಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ಹ್ಯಾಮಿಲ್ಟನ್ ಟೌನ್‌ಶಿಪ್‌ನಲ್ಲಿ. 1994ರ ಜುಲೈನಲ್ಲಿ ಏಳು ವರ್ಷದ ಮೇಗನ್ ಕಾಂಕಾ ಎಂಬ ಹುಡುಗಿಯನ್ನು ಎದುರುಮನೆಯಲ್ಲಿದ್ದವನು ನಾಯಿಮರಿ ತೋರಿಸುತ್ತೇನೆ ಎಂದು ಒಳಗೆ ಕರೆದು, ಅತ್ಯಾಚಾರ ಮಾಡಿ ಕೊಂದ. ಮಕ್ಕಳ ಮೇಲಿನ ಅಪರಾಧಕ್ಕೆ ಅವನಿಗೆ ಅದಾಗಲೇ ಎರಡು ಸಲ ಶಿಕ್ಷೆಯಾಗಿತ್ತು. ಆ ಬೀದಿಯ ಅಪ್ಪ-ಅಮ್ಮಂದಿರಿಗೆ ಇದು ಗೊತ್ತೇ ಇರಲಿಲ್ಲ. ಜನ ರೊಚ್ಚಿಗೆದ್ದರು. ಮೂರೇ ತಿಂಗಳಲ್ಲಿ ನ್ಯೂಜೆರ್ಸಿ ಕಾನೂನು ಮಾಡಿತು, 1996ರಲ್ಲಿ ಅದು ಇಡೀ ಅಮೆರಿಕಕ್ಕೆ ಬಂತು, 2006ರಲ್ಲಿ ಇನ್ನಷ್ಟು ಬಿಗಿಯಾಯಿತು. ಈಗ ಆ ದೇಶದ ಪಟ್ಟಿಗಳಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಜನರಿದ್ದಾರೆ.

ಆ ತಂದೆತಾಯಿಯ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಹಾಗಂತ ಕೇಳಿದ್ದೆಲ್ಲ ಕೆಲಸ ಮಾಡಲೇಬೇಕು ಅಂತೇನಿಲ್ಲವಲ್ಲ.

2008ರಲ್ಲಿ ನ್ಯೂಜೆರ್ಸಿಯಲ್ಲೇ ಒಂದು ದೊಡ್ಡ ಅಧ್ಯಯನ ಹೊರಬಂತು. ದುಡ್ಡು ಕೊಟ್ಟಿದ್ದು ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ, ಹಾಗಾಗಿ ಅಪರಾಧಿಗಳ ಪರ ಇರುವವರು ಬರೆದದ್ದು ಎಂದು ತಳ್ಳಿಹಾಕುವ ಹಾಗಿಲ್ಲ. ಕಾನೂನು ಬರುವ ಮುಂಚೆ ಜೈಲಿನಿಂದ ಹೊರಬಂದವರು ಮತ್ತು ಬಂದ ಮೇಲೆ ಬಿಡುಗಡೆಯಾದವರು, ಇಬ್ಬರನ್ನೂ ಹೋಲಿಸಿ ನೋಡಿದರು. ಮತ್ತೆ ಸಿಕ್ಕಿಬೀಳುವವರ ಪ್ರಮಾಣ ಬದಲಾಗಿರಲಿಲ್ಲ. ಅಪರಾಧದ ಬಗೆಯೂ ಬದಲಾಗಿರಲಿಲ್ಲ, ಬಲಿಯಾದವರ ಸಂಖ್ಯೆಯೂ ಇಳಿದಿರಲಿಲ್ಲ. ರಾಜ್ಯದಲ್ಲಿ ಲೈಂಗಿಕ ಅಪರಾಧ ಇಳಿಯುತ್ತಿದ್ದದ್ದು ನಿಜ, ಆದರೆ ಆ ಇಳಿತ ಕಾನೂನಿಗಿಂತ ಮೊದಲೇ ಶುರುವಾಗಿತ್ತು. ಖರ್ಚು ಮಾತ್ರ ಏರಿತ್ತು. ಲೆಕ್ಕ ಕೊಟ್ಟ ಕೌಂಟಿಗಳದ್ದಷ್ಟೇ 2007ರಲ್ಲಿ ಸುಮಾರು 39 ಲಕ್ಷ ಡಾಲರ್.

ಒಂದು ರಾಜ್ಯದ ಕಥೆ ಅಂದುಕೊಳ್ಳಬೇಡಿ. 2021ರಲ್ಲಿ ಇಂಥ 18 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ, 4,74,640 ಜನರ ಮಾಹಿತಿ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದರು. ಇಪ್ಪತ್ತೈದು ವರ್ಷದ ನೋಂದಣಿ ಮತ್ತು ಪ್ರಕಟಣೆಯಿಂದ ಮರು-ಅಪರಾಧದ ಮೇಲೆ ಪರಿಣಾಮ ಕಾಣಲಿಲ್ಲ.

ಯಾಕೆ ಹೀಗೆ? ದೊಡ್ಡ ಕಾರಣ ಏನೆಂದರೆ, ಪಟ್ಟಿಯಲ್ಲಿರುವುದು ಈಗಾಗಲೇ ಸಿಕ್ಕಿಬಿದ್ದು ಶಿಕ್ಷೆಯಾದವರು. ಮುಂದಿನ ಅಪರಾಧ ಮಾಡುವವರಲ್ಲಿ ಹೆಚ್ಚಿನವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಇಪ್ಪತ್ತೊಂದು ವರ್ಷದ ಬಂಧನಗಳನ್ನು ತೆಗೆದು ನೋಡಿದಾಗ ಲೈಂಗಿಕ ಅಪರಾಧಕ್ಕೆ ಬಂಧನವಾದವರಲ್ಲಿ ಶೇ 95ಕ್ಕೂ ಹೆಚ್ಚು ಮಂದಿಗೆ ಅಂಥ ಅಪರಾಧದಲ್ಲಿ ಹಿಂದೆ ಶಿಕ್ಷೆಯೇ ಆಗಿರಲಿಲ್ಲ. ಅಂದರೆ ಪಟ್ಟಿ ನೂರಕ್ಕೆ ನೂರು ಸರಿಯಾಗಿ ಕೆಲಸ ಮಾಡಿದರೂ ಅದರ ಕೈಗೆ ಸಿಗುವುದು ಉಳಿದ ಶೇ 5ಕ್ಕಿಂತ ಕಡಿಮೆ ಮಂದಿ ಅಷ್ಟೇ. ಮಿನೆಸೋಟದ ಜೇಕಬ್ ವೆಟರ್ಲಿಂಗ್ ಪ್ರಕರಣವನ್ನೇ ನೋಡಿ. 1989ರಲ್ಲಿ ಅಪಹರಣವಾದ ಆ ಹುಡುಗನ ಹೆಸರಿನಲ್ಲೇ, ರಾಜ್ಯಗಳು ಇಂಥ ಪಟ್ಟಿ ಇಡಬೇಕು ಎನ್ನುವ 1994ರ ಕೇಂದ್ರ ಕಾನೂನು ಬಂದದ್ದು. ಅವನನ್ನು ಕೊಂದವನು ತಪ್ಪೊಪ್ಪಿಕೊಂಡದ್ದು 2016ರಲ್ಲಿ. 1989ರಲ್ಲಿ ಪಟ್ಟಿ ಇದ್ದಿದ್ದರೂ ಅವನ ಹೆಸರು ಅದರಲ್ಲಿ ಸಿಗುತ್ತಿರಲಿಲ್ಲ. ಕಾನೂನಿಗಾಗಿ ಓಡಾಡಿದ ಜೇಕಬ್‌ನ ತಾಯಿ ಪ್ಯಾಟಿ ವೆಟರ್ಲಿಂಗ್ ಅವರೇ ಆಮೇಲೆ ಈ ಪಟ್ಟಿಗಳು ಅತಿಯಾಗಿವೆ ಎಂದು ಬಹಿರಂಗವಾಗಿ ಹೇಳತೊಡಗಿದರು.

ಇನ್ನೊಂದು ನಂಬಿಕೆ ಇದೆ, ಒಮ್ಮೆ ಮಾಡಿದವನು ಬಿಡೋದೇ ಇಲ್ಲ ಅಂತ. 2005ರಲ್ಲಿ 30 ರಾಜ್ಯಗಳ ಜೈಲುಗಳಿಂದ ಬಿಡುಗಡೆಯಾದ ಲೈಂಗಿಕ ಅಪರಾಧಿಗಳನ್ನು ಒಂಬತ್ತು ವರ್ಷ ಹಿಂಬಾಲಿಸಿದ ಸರ್ಕಾರಿ ಲೆಕ್ಕದಲ್ಲಿ, ಅತ್ಯಾಚಾರ ಅಥವಾ ಲೈಂಗಿಕ ಹಲ್ಲೆಗೆ ಮತ್ತೆ ಬಂಧನವಾದವರು ಶೇ 7.7. ಇದು ದೂರಾಗಿ ಬಂಧನದವರೆಗೆ ಹೋದ ಪ್ರಕರಣಗಳು ಮಾತ್ರ, ಎಷ್ಟೋ ಮಕ್ಕಳು ಬಾಯಿಯೇ ಬಿಡುವುದಿಲ್ಲ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿಯೇ. ಆದರೂ ಎಲ್ಲರೂ ಮತ್ತೆ ಮಾಡೇ ಮಾಡುತ್ತಾರೆ ಅನ್ನುವ ಮಾತು ನಿಲ್ಲುವುದಿಲ್ಲ.

ಹಾಗಾದರೆ ಪಟ್ಟಿಯೇ ವೇಸ್ಟಾ? ನಾನು ಹಾಗೆ ಹೇಳಲ್ಲ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಲ್ಲಿ ಕರೆದು ಗೊಂದಲ ಮಾಡಿಕೊಂಡಿದ್ದೇವೆ. ಶಿಕ್ಷೆಯಾದವನು ಎಲ್ಲಿದ್ದಾನೆ ಎಂದು ಪೊಲೀಸರು ಬರೆದಿಟ್ಟುಕೊಳ್ಳುವುದು ಒಂದು. ಅದನ್ನೇ ಫೋಟೊ ಸಮೇತ ಊರಿಗೆಲ್ಲ ತೋರಿಸುವುದು ಇನ್ನೊಂದು. ಪ್ರೆಸ್ಕಾಟ್ ಮತ್ತು ರಾಕಾಫ್ ಎಂಬ ಇಬ್ಬರು ಸಂಶೋಧಕರು 15 ರಾಜ್ಯಗಳ ಅಂಕಿ ಇಟ್ಟುಕೊಂಡು 2011ರಲ್ಲಿ ಇವೆರಡನ್ನೂ ಬಿಡಿಸಿ ನೋಡಿದರು. ಪೊಲೀಸರ ಬಳಿ ನೋಂದಣಿ ಇದ್ದಾಗ ಪರಿಚಯದವರ ಮೇಲಿನ ಅಪರಾಧ ಸ್ವಲ್ಪ ಇಳಿಯುವ ಸೂಚನೆ ಸಿಕ್ಕಿತು. ಊರಿಗೆಲ್ಲ ತೋರಿಸಿದಾಗ ಇನ್ನೂ ಅಪರಾಧ ಮಾಡದವರಿಗೆ ಸ್ವಲ್ಪ ಭಯ ಹುಟ್ಟಬಹುದು ಅನ್ನಿಸಿತು, ಆದರೆ ಈಗಾಗಲೇ ಪಟ್ಟಿಯಲ್ಲಿರುವವರು ಮತ್ತೆ ಅಪರಾಧ ಮಾಡುವ ಸಾಧ್ಯತೆ ಏರಿತು. ಮನೆ ಸಿಗಲ್ಲ, ಕೆಲಸ ಸಿಗಲ್ಲ, ಯಾರೂ ಹತ್ತಿರ ಸೇರಿಸಲ್ಲ ಅಂದಮೇಲೆ ನೆಟ್ಟಗಿರಲು ಅವನಿಗೆ ಕಾರಣವಾದರೂ ಏನು ಉಳಿಯಿತು? ಮಯಾಮಿಯಲ್ಲಿ ಶಾಲೆಗಳಿಂದ 2,500 ಅಡಿ ದೂರ ಇರಬೇಕು ಎಂದು ನಿಯಮ ಮಾಡಿದಾಗ ವಾಸಕ್ಕೆ ಜಾಗವೇ ಸಿಗದೆ ಡಜನ್‌ಗಟ್ಟಲೆ ಮಂದಿ ಜೂಲಿಯಾ ಟಟಲ್ ಸೇತುವೆಯ ಕೆಳಗೆ ಟೆಂಟು ಹಾಕಿಕೊಂಡಿದ್ದರು. ಕೆಲವರ ಡ್ರೈವಿಂಗ್ ಲೈಸೆನ್ಸಿನಲ್ಲಿ ಸೇತುವೆಯೇ ವಿಳಾಸ. ಇದರಿಂದ ಯಾವ ಮಗು ಸೇಫ್ ಆಯಿತೋ ನನಗಂತೂ ಅರ್ಥವಾಗಿಲ್ಲ.

ಈಗ ನಿಮ್ಮ ಮನೆಯ ವಿಷಯ. ನೀವು ನೋಡಿದ ಪುಟದಲ್ಲಿ ಫೋಟೊ, ಎತ್ತರ, ತೂಕ, ಮೈಮೇಲಿನ ಗುರುತು, ಕಾರಿನ ಬಣ್ಣ, ನಂಬರ್ ಪ್ಲೇಟು, ಮಾಡಿದ ಅಪರಾಧ ಇಷ್ಟೂ ಇರುತ್ತದೆ. ಇಷ್ಟೆಲ್ಲ ಇರುವುದರಿಂದ ಪೂರ್ತಿ ಚಿತ್ರ ಸಿಕ್ಕಿತು ಅನ್ನಿಸುತ್ತದೆ, ಅಲ್ವಾ? ಇಲ್ಲ. ನ್ಯೂಜೆರ್ಸಿಯಲ್ಲಿ ಅಪಾಯದ ಮಟ್ಟ ನೋಡಿ ಮೂರು ಹಂತ ಮಾಡುತ್ತಾರೆ, ಕಡಿಮೆ ಅಪಾಯದ ಮೊದಲ ಹಂತದವರು ವೆಬ್‌ಸೈಟಿಗೆ ಬರುವುದೇ ಇಲ್ಲ. ಮಧ್ಯಮ ಹಂತದಲ್ಲೂ, ಅದೊಂದೇ ಅಪರಾಧವಾಗಿದ್ದು ಬಲಿಯಾದ ಮಗು ಅವನ ಸ್ವಂತ ಸಂಬಂಧಿಯಾಗಿದ್ದರೆ, ಸಾಮಾನ್ಯವಾಗಿ ಹೆಸರು ಹಾಕುವುದಿಲ್ಲ. ಹಾಕಿದರೆ ಆ ಮಗು ಯಾರೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಕಾರಣ ಸರಿಯೇ. ಆದರೆ ಸಂಬಂಧಿಕರಿಂದಲೇ ನಡೆಯುವ ಬಗೆಯ ಅಪರಾಧ ನಿಮ್ಮ ಕಣ್ಣಿಗೆ ಬೀಳದೆ ಉಳಿಯುತ್ತದೆ. ಹೆಸರಿಲ್ಲದ ಬೀದಿ ಸೇಫ್ ಅನ್ನುವ ತೀರ್ಮಾನಕ್ಕೆ ಬರಲು ಈ ಮ್ಯಾಪು ಸಾಲದು.

ಅರ್ಧ ಮೈಲಿ ದೂರದ ಒಂದು ವಿಳಾಸಕ್ಕಾಗಿ ನಾನಾಗಿದ್ದರೆ ಮನೆ ಬಿಡುತ್ತಿರಲಿಲ್ಲ. ಅವನ ಅಪರಾಧ ಏನು, ಎಷ್ಟು ವರ್ಷದ ಹಿಂದಿನದು ಎಂದು ಓದಿಕೊಳ್ಳುತ್ತಿದ್ದೆ, ಮುಖ ನೆನಪಿಟ್ಟುಕೊಳ್ಳುತ್ತಿದ್ದೆ, ಅಷ್ಟೇ. (ನಾರ್ತ್ ಕ್ಯಾರೊಲಿನಾದ ಒಂದು ಅಧ್ಯಯನದಲ್ಲಿ ಇಂಥವರ ಮನೆಗೆ ತೀರಾ ಹತ್ತಿರ, ಮೈಲಿಯ ಹತ್ತನೇ ಒಂದು ಭಾಗದೊಳಗೆ ಇರುವ ಮನೆಗಳ ಬೆಲೆ ಶೇ 4ರಷ್ಟು ಇಳಿದಿತ್ತು. ಅರ್ಧ ಮೈಲಿಗೆ ನಿಮಗೆ ಡಿಸ್ಕೌಂಟೂ ಸಿಗಲ್ಲ!) ಗುಂಪಿನಲ್ಲಿ ಅವನ ಫೋಟೊ ಹಂಚಲು ಹೋಗಬೇಡಿ. ಆ ಮಾಹಿತಿ ಬಳಸಿ ಯಾರನ್ನಾದರೂ ಪೀಡಿಸಿದರೆ ಅದೂ ಅಪರಾಧ. 2006ರಲ್ಲಿ ಮೇನ್ ರಾಜ್ಯದಲ್ಲಿ ಒಬ್ಬ ಆನ್‌ಲೈನ್ ಪಟ್ಟಿಯಿಂದ ವಿಳಾಸ ತೆಗೆದುಕೊಂಡು ಹೋಗಿ ಇಬ್ಬರನ್ನು ಗುಂಡಿಟ್ಟು ಕೊಂದ. ಅವರಲ್ಲೊಬ್ಬನ ಅಪರಾಧ ಹತ್ತೊಂಬತ್ತರ ವಯಸ್ಸಿನಲ್ಲಿ, ಹದಿನಾರು ತುಂಬಲು ಸ್ವಲ್ಪವೇ ದಿನ ಬಾಕಿಯಿದ್ದ ತನ್ನ ಗೆಳತಿಯ ಜೊತೆ ಸಂಬಂಧ ಇಟ್ಟುಕೊಂಡದ್ದು.

ಮ್ಯಾಪು ನೋಡುವಷ್ಟೇ ಹೊತ್ತನ್ನು ಮಗಳ ಡ್ಯಾನ್ಸ್ ಕ್ಲಾಸಿಗೆ ಹೋಗಿ ಒಂದು ವಿಷಯ ಕೇಳಲು ಕೊಡಿ. ಮಗು ಮತ್ತು ಒಬ್ಬ ದೊಡ್ಡವರು ಮಾತ್ರ ಬಾಗಿಲು ಹಾಕಿದ ಕೋಣೆಯಲ್ಲಿ ಇರುವ ಸಂದರ್ಭ ಬರುತ್ತದಾ, ಬಂದರೆ ಯಾಕೆ? ವೀಕೆಂಡಿಗೆ ಬಂದು ಉಳಿಯುವ ಫ್ಯಾಮಿಲಿ ಫ್ರೆಂಡ್ಸ್ ಬಗ್ಗೆಯೂ ಇದೇ ನಿಯಮ. ಮುಜುಗರವಾಗುತ್ತದೆ, ಗೊತ್ತು.

ಪ್ರಶ್ನೆ: ಅಮೆರಿಕದ ಕಥೆ ಏನೇ ಇರಲಿ ಮೇಡಂ, ನಮ್ಮಲ್ಲಿ ಮಾನಕ್ಕೆ ಹೆದರುವ ಜನ. ಅತ್ಯಾಚಾರ ಮಾಡಿದವರ ಫೋಟೊ, ವಿಳಾಸ ಎಲ್ಲ ಆನ್‌ಲೈನ್‌ನಲ್ಲಿ ಹಾಕಿದರೆ ಉಳಿದವರು ಹೆದರುವುದಿಲ್ಲವೇ? ಸರ್ಕಾರ ಯಾಕೆ ಮಾಡುತ್ತಿಲ್ಲ? — ಹಾಸನದ ಓದುಗರು

ಉತ್ತರ: ಪಟ್ಟಿ ಇದೆ ಸರ್, ನಿಮಗೂ ನನಗೂ ತೆರೆದಿಲ್ಲ ಅಷ್ಟೇ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಡೇಟಾಬೇಸ್ ಶುರುಮಾಡಿತು. ಶುರುವಾದಾಗಲೇ ಸುಮಾರು 4.4 ಲಕ್ಷ ನಮೂದುಗಳಿದ್ದವು. ನೋಡಿಕೊಳ್ಳುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಬಳಸುವುದು ಪೊಲೀಸರಂಥ ತನಿಖಾ ಸಂಸ್ಥೆಗಳು ಮಾತ್ರ. ನನ್ನ ಪ್ರಕಾರ ಅದು ಹಾಗೇ ಇರಬೇಕು.

ಅದೇ ಬ್ಯೂರೊದ 2021ರ ವರದಿ ತೆಗೆಯಿರಿ. ಆ ವರ್ಷ ದಾಖಲಾದ ಅತ್ಯಾಚಾರ ಪ್ರಕರಣಗಳು 31,677. ಅದರಲ್ಲಿ ಶೇ 96ಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಯದವನೇ. ಮನೆಯವನು, ನೆಂಟ, ಪಕ್ಕದ ಮನೆಯವನು, ಗೆಳೆಯ, ಕೆಲಸ ಕೊಟ್ಟವನು. ಅವನ ಫೋಟೊ ನೋಡಿ ತಿಳಿದುಕೊಳ್ಳುವಂಥದ್ದೇನಿದೆ? ಅವನ ಮುಖ ಆ ಮನೆಯವರಿಗೆ ಚೆನ್ನಾಗಿಯೇ ಗೊತ್ತು.

ಮಾನದ ಮಾತು ಬಂತಲ್ಲ, ಅದರಲ್ಲೇ ಸಮಸ್ಯೆ ಇರುವುದು. ಒಂದು ಹಳ್ಳಿಯಲ್ಲಿ ಹನ್ನೊಂದು ವರ್ಷದ ಹುಡುಗಿಯ ಮೇಲೆ ಅವಳ ದೊಡ್ಡಪ್ಪನಿಂದಲೇ ದೌರ್ಜನ್ಯವಾಗಿದೆ ಅಂದುಕೊಳ್ಳಿ. ಅವನ ಹೆಸರು, ಊರು, ಸೆಕ್ಷನ್ನು ಆನ್‌ಲೈನ್‌ಗೆ ಬಂದ ದಿನವೇ ಅರಳಿಕಟ್ಟೆಯಲ್ಲಿ ಕೂತವರಿಗೆ ಹುಡುಗಿ ಯಾರು ಅಂತಲೂ ಗೊತ್ತಾಗುತ್ತದೆ. ಸಂತ್ರಸ್ತೆಯ ಗುರುತು ಬಯಲು ಮಾಡಬಾರದು ಎಂದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾನೂನಾದ ಪೋಕ್ಸೊದ 23ನೇ ಸೆಕ್ಷನ್ ಹೇಳುತ್ತವೆ. ಮುಂದಿನ ಮನೆಯಲ್ಲಿ ಇಂಥದ್ದೇ ಆದಾಗ ಅಜ್ಜಿ ಏನು ಹೇಳುತ್ತಾಳೆ? 'ಕಂಪ್ಲೇಂಟ್ ಕೊಟ್ಟರೆ ಫೋಟೊ ಬರುತ್ತಂತೆ, ನಾಲ್ಕು ಜನರ ಮುಂದೆ ತಲೆ ಎತ್ತೋದು ಹೇಗೆ, ಸುಮ್ನಿರು.' ಈಗಲೇ ಎಷ್ಟೋ ದೂರುಗಳು ಅಡುಗೆಮನೆ ದಾಟಿ ಹೊರಗೆ ಬರುತ್ತಿಲ್ಲ.

ದೂರು ಬಂದರೂ ಪಟ್ಟಿಗೆ ಸೇರಲು ಶಿಕ್ಷೆಯಾಗಬೇಕಲ್ಲ. ಅತ್ಯಾಚಾರ ಪ್ರಕರಣಗಳಲ್ಲಿ ಶಿಕ್ಷೆಯಾಗುವ ಪ್ರಮಾಣ ಶೇ 30ರೊಳಗೇ ಇದೆ. ಸಾಕ್ಷಿ ತಿರುಗಿಬೀಳದಂತೆ ನೋಡಿಕೊಳ್ಳೋದು, ವಿಚಾರಣೆ ಬೇಗ ಮುಗಿಸೋದು, ಇಂಥ ಬೋರಿಂಗ್ ಕೆಲಸಕ್ಕೆ ದುಡ್ಡು ಹಾಕಿದರೆ ಜನ ಹೆದರುತ್ತಾರೆ. ಫೋಟೊಗಲ್ಲ.

ಇನ್ನು ಇಂಥ ಕೇಸು ಬಿದ್ದವರೆಲ್ಲ ಒಂದೇ ತರದವರಾ? ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ 2022ರಲ್ಲಿ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ 7,064 ಪೋಕ್ಸೊ ತೀರ್ಪುಗಳನ್ನು ಓದಿತು. ನಾಲ್ಕರಲ್ಲಿ ಒಂದರ ಆಸುಪಾಸು ಪ್ರೇಮ ಪ್ರಕರಣಗಳು. ಓಡಿಹೋದ ಜೋಡಿ, ಹುಡುಗಿಯ ಅಪ್ಪನ ದೂರು. ಅದೇ ವರ್ಷ ನಮ್ಮ ಹೈಕೋರ್ಟಿನ ಧಾರವಾಡ ಪೀಠವೂ ಇಂಥ ಪ್ರಕರಣ ನೋಡಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತ್ತು, ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡ ಅಂದಿತು. ಆ ಚರ್ಚೆ ಬೇರೆ. ಆದರೆ ಪಟ್ಟಿ ತೆರೆದರೆ ಈ ಹುಡುಗರಲ್ಲಿ ಶಿಕ್ಷೆಯಾದವರ ಫೋಟೊವೂ ಮಕ್ಕಳನ್ನು ಹಿಂಸಿಸಿದವರ ಪಕ್ಕದಲ್ಲೇ ಬರುತ್ತದೆ.

ಜನರ ಕೈಗೆ ಹೆಸರು ಕೊಟ್ಟರೆ ಏನಾಗುತ್ತದೆ ಎಂದು ಬ್ರಿಟನ್‌ನಲ್ಲಿ 2000ದಲ್ಲಿ ನೋಡಿಯಾಗಿದೆ. ಒಂದು ಪತ್ರಿಕೆ ಹೆಸರು, ಫೋಟೊ ಹಾಕಿತು, ಪೋರ್ಟ್ಸ್‌ಮತ್‌ನ ಪಾಲ್ಸ್‌ಗ್ರೋವ್‌ನಲ್ಲಿ ದಿನಗಟ್ಟಲೆ ಗಲಾಟೆಯಾಯಿತು. ಅದೇ ಬೇಸಿಗೆಯಲ್ಲಿ ವೇಲ್ಸ್‌ನಲ್ಲಿ ಮಕ್ಕಳ ಡಾಕ್ಟರ್ ಒಬ್ಬರ ಮನೆಗೆ, ಪೀಡಿಯಾಟ್ರಿಶಿಯನ್ ಎಂಬ ಅವರ ವೃತ್ತಿಯ ಹೆಸರನ್ನೇ ಪೀಡೊಫೈಲ್ (ಮಕ್ಕಳನ್ನು ಕಾಮಿಸುವವರು) ಎಂದು ತಪ್ಪಾಗಿ ತಿಳಿದು, ಬೈಗುಳ ಬರೆದು ಹೋದರು. ಆಮೇಲೆ ಅಲ್ಲಿ ಒಂದು ಮಧ್ಯದ ದಾರಿ ಮಾಡಿದರು. ಪಟ್ಟಿ ಪೊಲೀಸರ ಬಳಿಯೇ ಇರುತ್ತದೆ. ನಿಮ್ಮ ಮಗುವಿನ ಹತ್ತಿರ ಓಡಾಡುವ ಇಂಥ ವ್ಯಕ್ತಿಯ ಬಗ್ಗೆ ಅನುಮಾನವಿದೆ ಎಂದು ಅರ್ಜಿ ಕೊಟ್ಟರೆ, ಅಪಾಯ ಕಂಡುಬಂದರೆ, ಮಗುವನ್ನು ಕಾಪಾಡಬೇಕಾದವರಿಗಷ್ಟೇ ಹೇಳುತ್ತಾರೆ. ನಮ್ಮಲ್ಲಿ ಏನಾದರೂ ತರುವುದಾದರೆ ನಾನು ಕೇಳುವುದು ಇದನ್ನೇ.

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣ ಕರಾಟೆ ಕ್ಲಾಸ್ ನಡೆಸುತ್ತೇನೆ. ಹೊಸ ಟ್ರೈನರ್, ವ್ಯಾನ್ ಡ್ರೈವರ್ ಸೇರಿಸಿಕೊಳ್ಳಬೇಕು. ಆ ರಾಷ್ಟ್ರೀಯ ಪಟ್ಟಿಯಲ್ಲಿ ನಾನು ಹುಡುಕಬಹುದೇ?

ಉತ್ತರ: ನೀವೇ ಹುಡುಕಲು ಆಗುವುದಿಲ್ಲ. ಆದರೆ ಪೊಲೀಸ್ ವೆರಿಫಿಕೇಶನ್ ಮಾಡಿಸಲೇಬೇಕು. 2020ರ ಪೋಕ್ಸೊ ನಿಯಮಗಳ ಪ್ರಕಾರ ಶಾಲೆ, ಕ್ರೀಡಾ ಅಕಾಡೆಮಿ ಹೀಗೆ ಮಕ್ಕಳ ಒಡನಾಟವಿರುವ ಸಂಸ್ಥೆಗಳು ಕಾಯಂ ಇರಲಿ, ಕಾಂಟ್ರಾಕ್ಟ್ ಇರಲಿ, ಪ್ರತಿ ಸಿಬ್ಬಂದಿಯ ಹಿನ್ನೆಲೆಯನ್ನು ಆಗಾಗ ಪರಿಶೀಲಿಸಬೇಕು. ಒಂದು ಸಲ ಮಾಡಿಸಿ ಫೈಲಿನಲ್ಲಿಟ್ಟರೆ ಮುಗಿಯಲಿಲ್ಲ.

ಸರ್ಟಿಫಿಕೇಟ್ ಕ್ಲೀನ್ ಬಂತು ಅಂದರೆ ದಾಖಲೆಯಲ್ಲಿ ಕೇಸಿಲ್ಲ ಅಂತಷ್ಟೇ ಅರ್ಥ. ಹಾಗಾಗಿ ಹಿಂದೆ ಕೆಲಸ ಮಾಡಿದ ಕಡೆಗೆ ನೀವೇ ಫೋನ್ ಮಾಡಿ, ಯಾಕೆ ಬಿಟ್ಟ ಎಂದು ಕೇಳಿ, ಮತ್ತೆ ಸೇರಿಸಿಕೊಳ್ಳುತ್ತೀರಾ ಎಂದೂ ಕೇಳಿ. ಆ ಎರಡನೇ ಪ್ರಶ್ನೆಗೆ ಆ ಕಡೆಯವರು ತಡವರಿಸಿದರೆ ಗಮನಿಸಿ. ವ್ಯಾನಿನಲ್ಲಿ ಕೊನೆಗೆ ಇಳಿಯುವ ಮಗು ಒಂಟಿಯಾಗದ ಹಾಗೆ ಒಬ್ಬ ಆಯಾ ಇರಲಿ. ಪರ್ಸನಲ್ ಕೋಚಿಂಗ್ ಅಂತ ಬಾಗಿಲು ಮುಚ್ಚುವುದು ಬೇಡ.

ನಿಮ್ಮ ಕೆಳಗಿನವನ ಮೇಲೆ ಮಗುವೊಂದು ದೂರು ಹೇಳಿದರೆ ಒಳಗೊಳಗೇ ವಿಚಾರಿಸಿ ಅವನನ್ನು ಕೆಲಸದಿಂದ ತೆಗೆದು ಕೈತೊಳೆದುಕೊಳ್ಳುವ ಹಾಗಿಲ್ಲ. ಪೊಲೀಸರಿಗೆ ತಿಳಿಸದಿದ್ದರೆ ಸಂಸ್ಥೆ ನಡೆಸುವವರಿಗೇ ಒಂದು ವರ್ಷದವರೆಗೆ ಜೈಲು ಮತ್ತು ದಂಡ, ಪೋಕ್ಸೊ 21ನೇ ಸೆಕ್ಷನ್. ಸುಮ್ನೆ ತೆಗೆದುಹಾಕಿದವನು ಮುಂದಿನ ತಿಂಗಳು ಇನ್ನೊಂದು ಕ್ಲಾಸಿಗೆ ಸೇರಿರುತ್ತಾನೆ, ಅವರು ಮಾಡಿಸಿದ ವೆರಿಫಿಕೇಶನ್ನಿನಲ್ಲಿ ಏನೂ ಇರುವುದಿಲ್ಲ. 1098 ಮತ್ತು 112, ಈ ಎರಡು ನಂಬರ್ ಮಕ್ಕಳಿಗೆ ಕಾಣುವ ಗೋಡೆಯ ಮೇಲೆ ಬರೆಸಿ, ನಿಮ್ಮ ಆಫೀಸಿನ ಒಳಗೆ ಬೇಡ.