ಅಮೃತಮತಿ ಎಂಬ ಹೆಸರು: ಒಂದು ಆಪ್ತಸಲಹೆ ಪ್ರಕರಣ

ಈ ದಂಪತಿ ಮೈಸೂರಿನ ನನ್ನ ಕೊಠಡಿಗೆ ಬಂದಾಗ ಅವರ ಮಗಳಿಗೆ ಏಳು ತಿಂಗಳು ತುಂಬಿತ್ತು, ಹೆಸರು ಮಾತ್ರ ಇರಲಿಲ್ಲ. ಹನ್ನೊಂದನೆಯ ದಿನ ಕಿವಿಯಲ್ಲಿ ಹೇಳಿದ ದೇವರ ಹೆಸರೊಂದಿತ್ತು. ಆದರೆ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಬರೆಯಬೇಕಾಗಿದ್ದ ಕರೆಯುವ ಹೆಸರಿನ ವಿಷಯದಲ್ಲಿ ಅಂದೇ ಮಾತು ಬೆಳೆದು, ತೊಟ್ಟಿಲ ಶಾಸ್ತ್ರ ಅರ್ಧಕ್ಕೆ ಮುಗಿದಿತ್ತು. ಪತಿ ಒಂದು ಪ್ಲಾಸ್ಟಿಕ್ ಕಡತದಿಂದ ಜನನ ಪ್ರಮಾಣಪತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. ಹೆಸರಿನ ಜಾಗ ಖಾಲಿಯಿತ್ತು. ‘ಪುಟ್ಟಿ’ ಎನ್ನುತ್ತಲೇ ಎಲ್ಲರೂ ದಿನ ದೂಡುತ್ತಿದ್ದರು.

ಗುರುತು ಸಿಗದಂತೆ ಊರು, ಉದ್ಯೋಗ ಮತ್ತು ವಯಸ್ಸಿನ ವಿವರಗಳನ್ನು ಬದಲಿಸಿದ್ದೇನೆ. ಜಗಳಕ್ಕೆ ಕಾರಣವಾದ ಹೆಸರನ್ನು ಮಾತ್ರ ಇಬ್ಬರ ಒಪ್ಪಿಗೆ ಪಡೆದು ಹಾಗೆಯೇ ಉಳಿಸಿಕೊಂಡಿದ್ದೇನೆ. ಅದನ್ನು ಬದಲಿಸಿದರೆ ಈ ಪ್ರಕರಣದಲ್ಲಿ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಆಕೆ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಿ, ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದು, ಗರ್ಭಿಣಿಯಾದ ಮೇಲೆ ಕೆಲಸ ಬಿಟ್ಟವರು. ಆತ ಪಾಂಡವಪುರದ ಕಡೆಯ ಕಬ್ಬು ಬೆಳೆಯುವ ಮನೆತನದವರು, ಮೈಸೂರಿನಲ್ಲಿ ಖಾಸಗಿ ನೌಕರಿಯಲ್ಲಿದ್ದಾರೆ. ಆಕೆಗೆ ತಾಯಿ ಇಲ್ಲದ ಕಾರಣ ಬಾಣಂತನವನ್ನು ಅತ್ತೆಯೇ ಊರಿನಿಂದ ಬಂದು ಮಾಡಿದರು. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಇಂಥ ಪ್ರಕರಣಗಳಲ್ಲಿ ಓದುಗರು ಅತ್ತೆಯನ್ನು ಬಹಳ ಬೇಗ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿಬಿಡುತ್ತಾರೆ. ಮೂರು ತಿಂಗಳು ನೀರು ಕಾಯಿಸಿ, ಎಣ್ಣೆ ಹಚ್ಚಿ, ಮೆಣಸು ಬೆಳ್ಳುಳ್ಳಿಯ ಸಾರು ಮಾಡಿ ಬಡಿಸಿದ ಹೆಂಗಸು ಅವರು.

ಆಕೆ ಆರಿಸಿದ್ದ ಹೆಸರು ಅಮೃತಮತಿ. ಅಮೃತದಂಥ ಮತಿಯುಳ್ಳವಳು ಎಂದು ಪತಿಗೆ ಅರ್ಥ ಹೇಳಿದ್ದರು, ಪತಿ ಮೆಚ್ಚಿ ಒಪ್ಪಿದ್ದರು. ಶಾಸ್ತ್ರದ ದಿನ ಬಂಧುಗಳಲ್ಲೊಬ್ಬರು, ನಿವೃತ್ತ ಕನ್ನಡ ಮೇಷ್ಟ್ರು, ‘ಅದು ಜನ್ನನ ಕಾವ್ಯದ ರಾಣಿಯ ಹೆಸರಲ್ಲವೇ’ ಎಂದು ನಗುತ್ತಾ ಕಥೆ ಹೇಳಿಬಿಟ್ಟರು. ಹೊಯ್ಸಳರ ಕಾಲದಲ್ಲಿ, 1209ರಲ್ಲಿ, ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಅಮೃತಮತಿಯು ಮಾವುತನ ಹಾಡಿಗೆ ಮನಸೋತು, ಅವನ ಕುರೂಪವನ್ನೂ ಲೆಕ್ಕಿಸದೆ ಅವನನ್ನು ಸೇರುತ್ತಾಳೆ; ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಗಂಡನಿಗಷ್ಟೇ ಆಗಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತಿತ್ತೋ ಏನೋ. ‘ಅಮೃತ ಅಂತ ಹೆಸರಿಟ್ಕೊಂಡು ಅತ್ತೆಗೆ ವಿಷ ಹಾಕಿದವಳಂತೆ, ಇವಳ ಮನಸ್ಸಲ್ಲಿ ಏನೈತೆ?’ ಎಂದು ಅತ್ತೆ ಕೇಳಿದ ಪ್ರಶ್ನೆ ಏಳು ತಿಂಗಳಾದರೂ ಆ ಮನೆಯಲ್ಲಿ ಹಾಗೆಯೇ ನಿಂತಿತ್ತು.

ಮೊದಲ ಭೇಟಿಯಲ್ಲಿ ನಾನು ಹೆಸರಿನ ಸುದ್ದಿಗೇ ಹೋಗಲಿಲ್ಲ. ಹೆರಿಗೆಯಾದ ವರ್ಷದೊಳಗೆ ತಾಯಿಯೊಬ್ಬರು ಒಂದೇ ವಿಷಯವನ್ನು ಹಿಡಿದು ಅಳುತ್ತಿದ್ದಾರೆಂದರೆ ನಿದ್ರೆ, ಹಸಿವು ಮತ್ತು ಮಗುವಿನ ಮೇಲಿನ ಆಸಕ್ತಿಯನ್ನು ಮೊದಲು ವಿಚಾರಿಸಬೇಕು. ಕಳೆದ ಏಳು ದಿನಗಳ ಮನಃಸ್ಥಿತಿಯನ್ನು ಹತ್ತು ಪ್ರಶ್ನೆಗಳಲ್ಲಿ ಕೇಳಿ ಹೆರಿಗೆಯ ನಂತರದ ಖಿನ್ನತೆಯ ಸುಳಿವು ಹುಡುಕುವ ಎಡಿನ್‌ಬರೋ ಮಾಪನವನ್ನು ಬಳಸಿದೆ. ವೈದ್ಯರಲ್ಲಿಗೆ ಕಳುಹಿಸಬೇಕಾದ ಸೂಚನೆ ಕಾಣಲಿಲ್ಲ. ದಣಿವು ಇತ್ತು, ಸಿಟ್ಟು ಇತ್ತು.

ಎರಡನೆಯ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಮಗು ಹುಟ್ಟಿದ್ದು ಮಘಾ ನಕ್ಷತ್ರದಲ್ಲಿ, ‘ಮ’ಕಾರದ ಹೆಸರಾದರೆ ಊರಿನವರೂ ಒಪ್ಪುತ್ತಾರೆ ಎಂದು ಪತಿ ಹೇಳಿದೊಡನೆ, ಸಾಹಿತ್ಯ ಓದಿಕೊಂಡ ನನ್ನ ಚಪಲ ತಡೆಯದೆ, ‘ಮನೋರಮೆ ಎಂದಿಡಬಹುದಲ್ಲ’ ಎಂದುಬಿಟ್ಟೆ. ಮುದ್ದಣನ ‘ಶ್ರೀರಾಮಾಶ್ವಮೇಧ’ದ ಮನೋರಮೆಯಷ್ಟು ಸಲೀಸಾಗಿ ಗಂಡನ ಮಾತಿಗೆ ಅಡ್ಡ ಬಾಯಿ ಹಾಕುವ, ಸಂಸ್ಕೃತ ಬೇಡ, ಕನ್ನಡದಲ್ಲಿ ಹೇಳು ಎಂದು ಪಟ್ಟು ಹಿಡಿಯುವ, ನಗಿಸುವ ಹೆಣ್ಣು ನಮ್ಮ ಹಳೆಯ ಕಾವ್ಯಗಳಲ್ಲಿ ನನಗಂತೂ ಮತ್ತೊಬ್ಬಳು ಕಂಡಿಲ್ಲ. ಪತಿಯ ಮುಖ ಅರಳಿತು. ‘ಮೇಡಂ ಹೇಳಿದ್ದೇ ಇಡೋಣ’ ಎಂದರು. ಆಕೆ ಮಾತು ನಿಲ್ಲಿಸಿ ಕೈಚೀಲದ ಜಿಪ್ಪನ್ನು ಎಳೆಯುತ್ತಾ ಬಿಡುತ್ತಾ ಕುಳಿತರು. ಮನೆಯಲ್ಲಿ ನಡೆದದ್ದೇ ನನ್ನ ಕೊಠಡಿಯಲ್ಲೂ ನಡೆದಿತ್ತು: ಆಕೆಗೆ ಗೊತ್ತಿರುವ ವಿಷಯದಲ್ಲಿ ಆಕೆಯನ್ನು ಬಿಟ್ಟು ಉಳಿದವರು ತೀರ್ಮಾನ ಮಾಡಿದ್ದರು. ಮುಂದಿನ ವಾರ ಮಾತು ಆರಂಭಿಸುವ ಮೊದಲು ನನ್ನ ಸೂಚನೆಯನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಿದೆ.

ಆ ಕ್ಷಮೆಯಿಂದಲೇ ಇರಬೇಕು, ಮೂರನೆಯ ಭೇಟಿಗೆ ಆಕೆ ತಮ್ಮ ಎಂ.ಎ. ದಿನಗಳ ಟಿಪ್ಪಣಿ ಪುಸ್ತಕವನ್ನು ತಂದರು. ನೀಲಿ ರಟ್ಟು, ಮೂಲೆಗಳು ಮಡಿಸಿ ಮೆತ್ತಗಾಗಿದ್ದವು. ಜನ್ನನ ಪದ್ಯಗಳ ಕೆಳಗೆ ಕೆಂಪು ಶಾಯಿಯಲ್ಲಿ ಪ್ರಶ್ನೆಗಳಿದ್ದವು. ಅಮೃತಮತಿಯನ್ನು ಕೆಟ್ಟವಳೆಂದು ಹೇಳಿ ಮುಗಿಸುವುದು ಸುಲಭ, ಆದರೆ ಆ ರಾತ್ರಿ ಹಾಡು ಕೇಳಿದವಳ ಒಳಗೆ ಏನಾಯಿತೆಂದು ಕವಿ ಬರೆದಿರುವುದನ್ನು ಓದಿದವರು ಅಷ್ಟು ಸುಲಭವಾಗಿ ಮುಗಿಸಲಾರರು ಎಂದು ಅವರು ಅರ್ಧ ಗಂಟೆ ಪಾಠ ಮಾಡಿದಂತೆ ಹೇಳಿದರು. ಪತ್ನಿ ಪಾಠ ಮಾಡುವುದನ್ನು ಪತಿ ಅದೇ ಮೊದಲ ಸಲ ನೋಡಿದ್ದಂತೆ. ಅವರು ಹೊರಗೆ ಹೋದ ಮೇಲೆ ನಾನು ಆಕೆಯನ್ನು ನೇರವಾಗಿಯೇ ಕೇಳಿದೆ: ಆ ಹೆಸರನ್ನು ಆರಿಸುವಾಗ ಅತ್ತೆಯ ನೆನಪು ಬಂದಿರಲಿಲ್ಲವೇ? ಬಹಳ ಹೊತ್ತು ಸುಮ್ಮನಿದ್ದು, ‘ಸ್ವಲ್ಪ ಬಂದಿತ್ತು’ ಎಂದರು. ಬಾಣಂತನದಲ್ಲಿ ತಲೆಗೆ ಕಟ್ಟುವ ಬಟ್ಟೆಯಿಂದ ಹಿಡಿದು ಫೋನಿನಲ್ಲಿ ಮಾತನಾಡುವ ಹೊತ್ತಿನವರೆಗೆ ಎಲ್ಲವನ್ನೂ ಅತ್ತೆ ನಿರ್ಧರಿಸುತ್ತಿದ್ದಾಗ, ಕೆಲಸವನ್ನು ಬಿಟ್ಟಿರುವುದು ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಯಾರೂ ಕೇಳದೆ ಇದ್ದಾಗ, ಯಾರಿಗೂ ಅರ್ಥವಾಗದ ಈ ಚುಚ್ಚು ಮಾತು ಅವರಿಗೆ ಒಳಗೊಳಗೇ ಹಿತವಾಗಿತ್ತು. ಮೇಷ್ಟ್ರು ಬರದಿದ್ದರೆ ಅದು ಅರ್ಥವಾಗುತ್ತಲೂ ಇರಲಿಲ್ಲ.

ನಾನು ಆಕೆಗೆ ಕೊಟ್ಟ ಮುಖ್ಯ ಸಲಹೆ ಇಷ್ಟೇ. ಹೇಳಬೇಕಾದ ದೂರನ್ನು ಮಗಳ ಹೆಸರಿನೊಳಗೆ ಬಚ್ಚಿಟ್ಟರೆ ಆ ದೂರನ್ನು ಮಗಳು ಹೊತ್ತು ತಿರುಗಬೇಕಾಗುತ್ತದೆ. ಕೆಲಸದ ವಿಷಯವನ್ನು ಗಂಡನೊಂದಿಗೆ, ಬಾಣಂತನದ ವಿಷಯವನ್ನು ಅತ್ತೆಯೊಂದಿಗೆ ತಮ್ಮ ಬಾಯಿಂದಲೇ ಆಡಬೇಕು. ಪತಿಗೆ ಹೇಳಿದ್ದು ಬೇರೆ. ಒಪ್ಪಿದ ಹೆಸರನ್ನು ಬಂಧುಗಳ ಎದುರಿಗೆ ಕ್ಷಣದಲ್ಲಿ ಕೈಬಿಟ್ಟು ಪತ್ನಿಯನ್ನು ಒಂಟಿಯಾಗಿ ನಿಲ್ಲಿಸಿದ್ದಕ್ಕೆ ಅವರು ಉತ್ತರ ಕೊಡಬೇಕಾಗಿತ್ತು, ಕೊಟ್ಟರು.

ಹೆಸರಿನ ಆಯ್ಕೆಯನ್ನು ಆಕೆಗೇ ಒಪ್ಪಿಸಿ, ಆರಿಸಿದ ಹೆಸರಿನ ಕಥೆಯನ್ನು ಅತ್ತೆಗೆ ಆಕೆಯೇ ಕೂತು ಹೇಳಬೇಕೆಂಬ ಒಂದು ಷರತ್ತು ಇಟ್ಟೆ. ಹಳೆಯ ಸಾಹಿತ್ಯದ ಹೆಸರಿಗೆ ಹಿಂದೊಂದು ಬದುಕು ಇರುತ್ತದೆ, ಹತ್ತು ವರ್ಷದ ಹುಡುಗಿ ‘ಅವಳು ಯಾರು?’ ಎಂದು ಕೇಳಿದಾಗ ಮನೆಯವರು ತಡವರಿಸದೆ ಹೇಳುವಂತಿರಬೇಕು. ಪಂಪನ ಆದಿಪುರಾಣದ ನೀಲಾಂಜನೆ ಕೇಳಲು ಎಷ್ಟು ಚೆನ್ನ, ಆದರೆ ಅವಳು ಕುಣಿಯುತ್ತಿರುವಾಗಲೇ ಆಯುಷ್ಯ ತೀರಿ ಮಾಯವಾಗುವವಳು. ಅದೇ ಕಾವ್ಯದ ಬ್ರಾಹ್ಮಿಗೆ ತಂದೆಯೇ ಅಕ್ಷರ ಕಲಿಸುತ್ತಾನೆ, ತಂಗಿ ಸೌಂದರಿಗೆ ಅಂಕಿಗಳನ್ನು. ಶಕುಂತಲೆಯನ್ನು ಕಾಡಿನಲ್ಲಿ ಕಾದದ್ದು ಹಕ್ಕಿಗಳು, ಆ ಹೆಸರು ಬಂದದ್ದೇ ಅವುಗಳಿಂದ. ಮುಂದೆ ಗಂಡ ಮರೆತದ್ದೂ ಉಂಟು, ಅದನ್ನೂ ಹೇಳಬೇಕು. ಕನ್ನಡದಲ್ಲಿ ಎಕಾರಾಂತವಾಗಿರುವ ಹೆಸರು ದಾಖಲೆಗಳಲ್ಲಿ ಆಕಾರಾಂತವಾಗಿಬಿಡುವುದರಿಂದ, ‘ಮನೋರಮೆ’ಯೋ ‘ಮನೋರಮಾ’ವೋ ಎಂಬಂಥದ್ದನ್ನು ಮೊದಲೇ ತೀರ್ಮಾನಿಸಿ ಎರಡು ಭಾಷೆಯಲ್ಲೂ ಬರೆದುಕೊಳ್ಳಲು ತಿಳಿಸಿದೆ. ಹೆಸರಿಲ್ಲದೆ ನೋಂದಣಿಯಾದ ಜನನಕ್ಕೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದಾಗಿದ್ದರಿಂದ ಅವರಿಗೆ ಅವಸರವೇನೂ ಇರಲಿಲ್ಲ.

ಹನ್ನೊಂದನೆಯ ತಿಂಗಳಲ್ಲಿ ಹೆಸರು ದಾಖಲಾಯಿತು. ಅದು ಯಾವುದೆಂದು ಇಲ್ಲಿ ಬರೆಯಲಾರೆ. ಹಳಗನ್ನಡದ್ದು, ನಾನು ಸೂಚಿಸಿದ್ದಲ್ಲ, ನಕ್ಷತ್ರದ ಅಕ್ಷರವೂ ಅದಕ್ಕಿಲ್ಲ. ಕಥೆ ಕೇಳಿದ ಅತ್ತೆ ಎರಡು ಕಡೆ ನಿಲ್ಲಿಸಿ ‘ಆಮೇಲೆ?’ ಎಂದರಂತೆ. ಈಗ ಅವರು ಆ ನಾಲ್ಕಕ್ಷರದ ಹೆಸರನ್ನು ಎರಡಕ್ಷರಕ್ಕೆ ಮೊಟಕುಗೊಳಿಸಿ ಕೂಗುತ್ತಾರೆ, ಓಣಿಯವರೆಲ್ಲ ಹಾಗೆಯೇ ಕರೆಯುತ್ತಾರೆ, ಪೂರ್ತಿ ಹೆಸರನ್ನು ಹೇಳುವವರೇ ಇಲ್ಲ ಎಂದು ಆಕೆ ಕೊನೆಯ ಭೇಟಿಯಲ್ಲಿ ದೂರಿದರು. ಅದಕ್ಕೆ ನನ್ನಲ್ಲಿ ಸಲಹೆ ಇರಲಿಲ್ಲ.