ಹೊಸ ಆಲ್ಬಂ ಕೇಳಿ ಬೆಲೆ ಕಟ್ಟೋದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೊಸ ರಾಕ್ ಆಲ್ಬಂ ಹಾಕಿದರೆ ಮೊದಲ ಹಾಡಿಗೇ ಮೈ ಝುಮ್ಮೆನ್ನುತ್ತದೆ. ನಾಲ್ಕನೇ ಹಾಡಿನ ಹೊತ್ತಿಗೆ ತಲೆ ಭಾರವಾಗಿ, ಸಾಕಪ್ಪಾ ಅನ್ನಿಸುತ್ತದೆ. ಹಾಡುಗಳು ಸರಿಯಿಲ್ಲವೋ, ನನ್ನ ಕಿವಿ ಸರಿಯಿಲ್ಲವೋ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ. ಹಾಡುಗಳೂ ಚೆನ್ನಾಗಿಯೇ ಇರಬಹುದು. ತೊಂದರೆ ಬಹುಮಟ್ಟಿಗೆ ಮಾಸ್ಟರಿಂಗ್‌ನಲ್ಲಿ, ಅಂದರೆ ಆಲ್ಬಂ ಹೊರಬರುವ ಮುನ್ನ ಸದ್ದನ್ನು ಕೊನೆಯದಾಗಿ ತಿದ್ದುವ ಹಂತದಲ್ಲಿ ಇರುತ್ತದೆ. ಆಲ್ಬಂ ಜೋರಾಗಿ ಕೇಳಿಸಲಿ ಅಂತ ಸದ್ದಿನ ತುದಿಗಳನ್ನೆಲ್ಲ ಲಿಮಿಟರ್‌ನಿಂದ ಅದುಮಿ, ಉಳಿದದ್ದನ್ನು ಮೇಲಕ್ಕೆ ಎತ್ತುತ್ತಾರೆ. ಅದರ ಪೆಟ್ಟು ಮೊದಲು ಬೀಳುವುದು ಸ್ನೇರ್ ಡ್ರಮ್ ಮೇಲೆ. ಕೋಲು ತಾಗಿದ ಮೊದಲ ಕೆಲವು ಮಿಲಿಸೆಕೆಂಡುಗಳ ‘ಟಕ್’ ಇದೆಯಲ್ಲ, ಅದೇ ಆ ತುದಿ. ಅದು ಹೋದರೆ ಒದ್ದೆ ರಟ್ಟಿಗೆ ಹೊಡೆದಂತೆ ‘ಟಪ್’ ಅನ್ನುವ ಮೊಂಡು ಸದ್ದು ಉಳಿಯುತ್ತದೆ. ಎರಡನೇ ನಷ್ಟ ಇನ್ನೂ ದೊಡ್ಡದು. ಪಲ್ಲವಿ ಬಂದಾಗ ಹಾಡು ಎದ್ದು ನಿಲ್ಲಬೇಕು. ಚರಣವೇ ಚಾವಣಿ ಮುಟ್ಟಿದ್ದರೆ ಪಲ್ಲವಿಗೆ ಏರಲು ಜಾಗವೆಲ್ಲಿ? ಏರಿಳಿತವಿಲ್ಲದ ಸದ್ದು ಕಿವಿಗೆ ವಿಶ್ರಾಂತಿ ಕೊಡುವುದಿಲ್ಲ, ದಣಿವು ಅಲ್ಲಿಂದಲೇ ಬರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಹಾಡಿನ ಫೈಲ್ ಇದ್ದರೆ ಆಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದು ಅಲೆಯ ಚಿತ್ರ ನೋಡಿ. ಬೆಟ್ಟ-ಕಣಿವೆ ಕಾಣದೆ ಇಟ್ಟಿಗೆಯಂಥ ಪಟ್ಟಿ ಕಂಡರೆ ಅದುಮಿದ್ದಾರೆ ಅಂತಲೇ ಅರ್ಥ. ಲೌಡ್‌ನೆಸ್ ಮೀಟರ್ ಇದ್ದರೆ ಇಡೀ ಹಾಡಿನ ಸರಾಸರಿಯನ್ನು LUFS ಎಂಬ ಮಾನದಲ್ಲಿ ಅಳೆಯಿರಿ, ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸದ್ದು ಜೋರು. ಮೈನಸ್ 12ರ ಆಸುಪಾಸಿನಲ್ಲಿ ಇರುವ ರಾಕ್ ಹಾಡಿಗೆ ಸಾಮಾನ್ಯವಾಗಿ ಉಸಿರಾಟವಿರುತ್ತದೆ, ಮೈನಸ್ 7 ದಾಟಿ ಸೊನ್ನೆಯತ್ತ ಹೋದರೆ ಕಷ್ಟ. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಇದಕ್ಕೆ ಒಳ್ಳೆಯ ಪಾಠ. ಅವೇ ಹಾಡುಗಳು ‘ಗಿಟಾರ್ ಹೀರೊ’ ಆಟಕ್ಕಾಗಿ ಅಷ್ಟು ಅದುಮದೆ ಹೊರಬಂದವು. ಕೇಳುಗರು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದಾಗ, ಆಟದ ರೂಪದಲ್ಲೇ ಡ್ರಮ್ಸ್ ಜೀವಂತವಾಗಿ ಕೇಳಿತು. ಆದರೆ ಅಂಕಿ ನೋಡಿ ತೀರ್ಪು ಕೊಡಬೇಡಿ. ಗೋಡೆಯಂಥ ಸದ್ದೇ ಬೇಕೆಂದು ಮಾಡುವ ತಂಡಗಳೂ ಇವೆ. ಆ ಗೋಡೆ ಹಾಡಿಗೆ ಬೇಕಿತ್ತೇ ಅನ್ನುವುದೇ ವಿಮರ್ಶಕರು ಕೇಳಬೇಕಾದ ಪ್ರಶ್ನೆ.

ಪ್ರಶ್ನೆ: ಹಳೆಯ ಮುದ್ರಣಕ್ಕೂ ಹೊಸ ರೀಮಾಸ್ಟರ್‌ಗೂ ಹೋಲಿಸಿ ಬರೆಯಬೇಕು. ಪ್ರತಿ ಸಲ ರೀಮಾಸ್ಟರ್ ಚೆನ್ನಾಗಿ ಕೇಳಿಸುತ್ತದೆ. ನಂಬಬಹುದೇ?

ಉತ್ತರ: ಸದ್ದು ಸಮ ಮಾಡುವವರೆಗೆ ನಂಬಬೇಡಿ. ಒಂದೇ ಒಂದು ಡೆಸಿಬಲ್ ಜೋರಿದ್ದರೂ ಸಾಕು, ಅದು ‘ಜೋರು’ ಅಂತ ಅನ್ನಿಸದೆ ‘ಸ್ಪಷ್ಟ’, ‘ತುಂಬಿದ್ದು’ ಅಂತ ಅನ್ನಿಸುತ್ತದೆ. ಒಂದೇ ಜಾಗದ 20 ಸೆಕೆಂಡು ಆಯ್ದುಕೊಳ್ಳಿ, ಪಲ್ಲವಿಯಾದರೆ ಒಳ್ಳೆಯದು. ಜೋರಿರುವುದನ್ನು ಇನ್ನೊಂದರ ಮಟ್ಟಕ್ಕೆ ತಗ್ಗಿಸಿ. ಧ್ವನಿ ಅಳೆಯುವ ಆ್ಯಪ್ ಇದ್ದರೆ ಫೋನನ್ನು ಕೂತ ಜಾಗದಲ್ಲೇ ಇಟ್ಟು ಎರಡನ್ನೂ ಅಳೆಯಿರಿ. ಆಮೇಲೆ ಯಾವುದು ಯಾವುದೆಂದು ಗೊತ್ತಾಗದಂತೆ ಬೇರೆಯವರಿಂದ ಹಾಕಿಸಿಕೊಂಡು ಕೇಳಿ. ರೀಮಾಸ್ಟರ್‌ನ ಹೊಳಪು ಎಷ್ಟೋ ಸಲ ಅಲ್ಲೇ ಕರಗುತ್ತದೆ.

ಸ್ಟ್ರೀಮಿಂಗ್‌ನಲ್ಲಿ ಕೇಳುವವರಿಗೆ ಒಂದು ಮಾತು. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಮೈನಸ್ 14 LUFS ಮಟ್ಟಕ್ಕೆ ತರುತ್ತದೆ. ಆಲ್ಬಂ ಅನ್ನು ಕ್ರಮವಾಗಿ ಕೇಳಿದರೆ ಇಡೀ ಆಲ್ಬಂಗೆ ಒಂದೇ ಹೊಂದಾಣಿಕೆ, ಹಾಗಾಗಿ ಮೆಲುದನಿಯ ಹಾಡು ಮೆಲುದನಿಯಲ್ಲೇ ಉಳಿಯುತ್ತದೆ. ಷಫಲ್‌ನಲ್ಲೋ ಪ್ಲೇಲಿಸ್ಟ್‌ನಲ್ಲೋ ಕೇಳಿದರೆ ಪ್ರತಿ ಹಾಡಿಗೂ ಬೇರೆ ಬೇರೆ. ವಿಮರ್ಶೆಗಾಗಿ ಕೇಳುವಾಗ ಷಫಲ್ ಆಫ್ ಇರಲೇಬೇಕು.

ಪ್ರಶ್ನೆ: ಜಾನಪದ ಹಾಡಿಗೆ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ಬೀಟ್ ಸೇರಿಸಿದ ಆಲ್ಬಂಗಳು ಬರುತ್ತಲೇ ಇವೆ. ಕೆಲವು ಹಿಡಿಸುತ್ತವೆ, ಕೆಲವು ಹಿಂಸೆ ಅನ್ನಿಸುತ್ತವೆ. ಕಾರಣ ಹೇಳಲು ಬಾರದು.

ಉತ್ತರ: ಮೂಲವನ್ನು ಮುಟ್ಟಿದ್ದೇ ಅಪರಾಧ ಅನ್ನುವ ವಾದ ನಮಗೆ ಒಪ್ಪಿಗೆಯಿಲ್ಲ. ಹಾಡು ಬಾಯಿಂದ ಬಾಯಿಗೆ ಬದಲಾಗುತ್ತಲೇ ಬಂದಿದೆ. ಹಿಂಸೆಯ ಕಾರಣ ಹೆಚ್ಚಾಗಿ ಶ್ರುತಿಯಲ್ಲಿ ಮತ್ತು ಲಯದಲ್ಲಿ ಇರುತ್ತದೆ, ಎರಡನ್ನೂ ಕಿವಿಯಿಂದಲೇ ಹಿಡಿಯಬಹುದು.

ಶ್ರುತಿ ನೋಡಿ. ಹಲವು ನಾಡುಗಳ ಜಾನಪದ ಗಾಯನದಲ್ಲಿ ಗಾಂಧಾರವು (ಸರಿಗಮದ ‘ಗ’) ತನ್ನ ತಗ್ಗಿನ ರೂಪವಾದ ಸಾಧಾರಣಕ್ಕೂ ಎತ್ತರದ ರೂಪವಾದ ಅಂತರಕ್ಕೂ ನಡುವೆ, ಷಡ್ಜದಿಂದ (‘ಸ’ದಿಂದ) ಸುಮಾರು 350 ಸೆಂಟ್ ದೂರದಲ್ಲಿ ನಿಲ್ಲುತ್ತದೆ. ಸಿಂಥ್‌ನಲ್ಲಿ ಪಕ್ಕಪಕ್ಕದ ಎರಡು ಕೀಲಿಗಳ ಅಂತರ 100 ಸೆಂಟ್, ಹಾಗಾಗಿ ಅಲ್ಲಿ ಸಿಗುವುದು 300, ಇಲ್ಲವೇ 400. ಗಾಂಧಾರವಿರುವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದನ್ನು ಹಿಂದೆ ಹಿಡಿದಿಟ್ಟರೆ ಸರಿಯಾಗಿಯೇ ಹಾಡುತ್ತಿರುವ ಗಾಯಕಿ ಅಪಶ್ರುತಿ ಅನ್ನಿಸಿಬಿಡುತ್ತಾಳೆ. ಆಮೇಲೆ ಅವಳ ದನಿಯನ್ನೇ ಸಾಫ್ಟ್‌ವೇರ್‌ನಿಂದ ‘ಸರಿಪಡಿಸುತ್ತಾರೆ’. ಹಾಡಿನ ಮುಖ ಅಳಿಸಿಹೋಗುವುದು ಅಲ್ಲೇ. ಗುರುತು ಹಿಡಿಯುವುದು ಸುಲಭ. ಎಳೆದು ನಿಲ್ಲಿಸಿದ ಸ್ವರ ಗೆರೆ ಎಳೆದಂತೆ ನೆಟ್ಟಗಿರುತ್ತದೆ, ಜಾರಿಕೊಂಡು ಹೋಗಬೇಕಾದ ಗಮಕ ಮೆಟ್ಟಿಲು ಹತ್ತಿದಂತೆ ಕೇಳುತ್ತದೆ. ಬಲ್ಲ ನಿರ್ಮಾಪಕರು ಕಾರ್ಡ್‌ನಿಂದ ಗಾಂಧಾರವನ್ನೇ ತೆಗೆದು ಬರೀ ಷಡ್ಜ-ಪಂಚಮ ಇಡುತ್ತಾರೆ. ಸಿಂಥ್‌ನ ಪಂಚಮ 700 ಸೆಂಟ್, ಸಹಜ ಪಂಚಮ 702. ಈ ವ್ಯತ್ಯಾಸ ಯಾರನ್ನೂ ಕಾಡುವುದಿಲ್ಲ, ದನಿಗೆ ತನ್ನ ಗಾಂಧಾರ ಹಾಡಲು ಬಯಲು ಸಿಗುತ್ತದೆ.

ಲಯಕ್ಕೆ ಹೀಗೆ ಮಾಡಿ. ಬೀಟ್ ಶುರುವಾಗುವ ಮುನ್ನ ಸಾಲಿನ ಕೊನೆಯಲ್ಲಿ ಹಾಡುಗಾರ ಎಷ್ಟು ಹೊತ್ತು ನಿಲ್ಲುತ್ತಾನೆ ಎಣಿಸಿ. ಬೀಟ್ ಬಂದ ಮೇಲೂ ಎಣಿಸಿ. ನಿಲುಗಡೆಗಳೆಲ್ಲ ಒಂದೇ ಅಳತೆಗೆ ಬಂದು ಉಸಿರು ತೆಗೆದುಕೊಳ್ಳುವ ಸದ್ದೂ ಮಾಯವಾಗಿದ್ದರೆ, ದನಿಯನ್ನು ತುಂಡರಿಸಿ ತಾಳಕ್ಕೆ ಅಂಟಿಸಿದ್ದಾರೆ ಅಂತ ಅನುಮಾನಿಸಬಹುದು.

ಹಳೆಯ ಧ್ವನಿಮುದ್ರಣದ ಚರಚರ ಸದ್ದನ್ನೂ ಗಮನಿಸಿ. 1933ರಲ್ಲಿ ಜಾನ್ ಲೋಮ್ಯಾಕ್ಸ್ ಮತ್ತು ಮಗ ಆಲನ್ ಅಮೆರಿಕದ ದಕ್ಷಿಣದಲ್ಲಿ ಹಾಡು ಸಂಗ್ರಹಿಸಲು ಕಾರಿನಲ್ಲಿ ಹೊತ್ತು ತಿರುಗಿದ, ಡಿಸ್ಕ್ ಮೇಲೆ ಧ್ವನಿ ಮುದ್ರಿಸುವ ಯಂತ್ರದ ತೂಕ 315 ಪೌಂಡ್, ಅಂದರೆ ಸುಮಾರು 143 ಕೆ.ಜಿ. ಅಂಥ ಡಿಸ್ಕ್‌ಗಳ ಗರಗರ ಆ ಕಾಲದ ಸಾಧನದ್ದು, ಅದನ್ನು ದೋಷವೆಂದು ಬರೆಯುವುದು ಅನ್ಯಾಯ. ಹೊಸ ಆಲ್ಬಂನಲ್ಲಿ ಅದೇ ಗರಗರ ಕೇಳಿದರೆ ಮಾತ್ರ ಕಿವಿ ನಿಮಿರಲಿ. ಒಂದು ನಿರ್ದಿಷ್ಟ ‘ಚಟ್’ ಪ್ರತಿ ನಾಲ್ಕೋ ಎಂಟೋ ಆವರ್ತಕ್ಕೆ ಮರಳಿ ಬರುತ್ತಿದ್ದರೆ ಅದು ಮೇಲಿಂದ ಬಳಿದ ಹಳಮೆ. ಹಾಡು ಯಾರಿಂದ ಬಂತು, ಯಾವ ಊರಿನದು ಅನ್ನುವುದು ಆಲ್ಬಂನ ಟಿಪ್ಪಣಿಯಲ್ಲಿ ಇಲ್ಲದಿದ್ದರೆ ಅದನ್ನೂ ಬರೆಯಿರಿ. ಅದು ಸಣ್ಣ ಲೋಪವಲ್ಲ.

ಪ್ರಶ್ನೆ: ಎಲೆಕ್ಟ್ರಾನಿಕ್ ಆಲ್ಬಂನಲ್ಲಿ ಎಲ್ಲ ಒಂದೇ ಥರ ಕೇಳುತ್ತದೆ. ಏನನ್ನು ಹಿಡಿದು ಬರೆಯುವುದು?

ಉತ್ತರ: ಮೊದಲು ಫೋನ್ ಸ್ಪೀಕರ್ ಬಿಡಿ. ಈ ಸಂಗೀತದ ಅರ್ಧ ಕಥೆ 40ರಿಂದ 60 ಹರ್ಟ್ಸ್ ನಡುವೆ ನಡೆಯುತ್ತದೆ, ಫೋನಿನಿಂದ ಅದು ಹೊರಡುವುದೇ ಇಲ್ಲ. ಇಯರ್‌ಬಡ್ ಕಿವಿಗೆ ಬಿಗಿಯಾಗಿ ಕೂರದಿದ್ದರೂ ಬೇಸ್ ಸೋರಿಹೋಗುತ್ತದೆ, ರಬ್ಬರ್ ತುದಿಯ ಅಳತೆ ಬದಲಿಸಿ ನೋಡಿ.

ಆಮೇಲೆ ಎಣಿಕೆ. ನಿಮಿಷಕ್ಕೆ 128 ಬಡಿತದ ಹಾಡಿನಲ್ಲಿ ನಾಲ್ಕು ಬಡಿತದ ಎಂಟು ಆವರ್ತ ಅಂದರೆ ಸರಿಯಾಗಿ 15 ಸೆಕೆಂಡು. ಪ್ರತಿ 15 ಸೆಕೆಂಡಿಗೊಮ್ಮೆ ಏನು ಬಂತು, ಏನು ಹೋಯಿತು, ಯಾವುದು ತೆರೆದುಕೊಂಡಿತು ಎಂದು ಗುರುತು ಹಾಕಿ. ಎರಡು ನಿಮಿಷಕ್ಕೆ ಎಂಟು ಗುರುತು. ಪ್ರತಿ ಗುರುತಿನಲ್ಲೂ ಹೊಸ ವಾದ್ಯ ಸೇರುತ್ತಲೇ ಹೋದರೆ ಅದು ಬರೀ ಪೇರಿಸುವಿಕೆ. ಒಂದೇ ಸದ್ದು ಮಾಗುತ್ತಾ ಬದಲಾದರೆ ಅಲ್ಲಿ ಕುಸುರಿ ಇದೆ.

ಕಿಕ್ (ದಪ್ಪ ಸದ್ದಿನ ಡ್ರಮ್ ಬಡಿತ) ಬಿದ್ದಾಗಲೆಲ್ಲ ಹಿನ್ನೆಲೆಯ ಸ್ವರಗಳು ಕುಗ್ಗಿ ಮತ್ತೆ ಏಳುವುದನ್ನು ಕೇಳಿರುತ್ತೀರಿ, ಅದು ಸೈಡ್‌ಚೈನ್. 128ರ ವೇಗದಲ್ಲಿ ಎರಡು ಕಿಕ್‌ಗಳ ನಡುವಿನ ಅಂತರ ಸುಮಾರು 469 ಮಿಲಿಸೆಕೆಂಡು. ಅಷ್ಟರೊಳಗೆ ಸ್ವರ ಪೂರ್ತಿ ಎದ್ದುಬಂದರೆ ಹಾಡು ಉಸಿರಾಡಿದಂತೆ ಅನ್ನಿಸುತ್ತದೆ. ಏಳುವ ಮುನ್ನವೇ ಮುಂದಿನ ಕಿಕ್ ಬಿದ್ದರೆ ಸ್ವರಗಳು ಸದಾ ಮುಳುಗಿಯೇ ಇರುತ್ತವೆ, ಹಾಡು ಮಂಕಾಗುತ್ತದೆ. ಕೊನೆಗೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೊನೊ (ಎಡ-ಬಲ ಎರಡನ್ನೂ ಒಂದೇ ಸದ್ದಾಗಿ ಬೆರೆಸುವ ಆಯ್ಕೆ) ಆನ್ ಮಾಡಿ ಒಮ್ಮೆ ಹೆಡ್‌ಫೋನ್‌ನಲ್ಲಿ ಕೇಳಿ. ಯಾವುದಾದರೂ ಸಿಂಥ್ ಮಾಯವಾದರೆ ಎಡ-ಬಲದ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುತ್ತಿವೆ. ಅದು ಹೆಚ್ಚಾಗಿ ಮಿಕ್ಸಿಂಗ್‌ನ ತಪ್ಪು.

ಪ್ರಶ್ನೆ: ಎಷ್ಟು ಸಲ ಕೇಳಿ ಬರೆಯಬೇಕು? ಸ್ಟಾರ್ ಕೊಡಬೇಕೇ?

ಉತ್ತರ: ಮೂರು ಸಲಕ್ಕೆ ಕಡಿಮೆ ಬೇಡ. ಮೊದಲ ಸಲ ಪೆನ್ನು ಮುಟ್ಟದೆ, ಕ್ರಮವಾಗಿ, ಪೂರ್ತಿ. ಒಂದು ದಿನ ಬಿಟ್ಟು ಎರಡನೇ ಸಲ, ಬೇರೆ ಸ್ಪೀಕರ್‌ನಲ್ಲಿ. ಮೂರನೇ ಸಲ ನಿಮಿಷ-ಸೆಕೆಂಡು ಬರೆದುಕೊಳ್ಳುತ್ತಾ. ‘ಅದ್ಭುತ ಡ್ರಮ್ಸ್’ ಅಂತ ಬರೆದರೆ ಓದುಗರ ಕೈಗೆ ಏನೂ ಸಿಗದು. ‘ಮೂರನೇ ಹಾಡಿನ 2:10ರಲ್ಲಿ ಡ್ರಮ್ಸ್ ನಿಂತು ಬೇಸ್ ಒಂದೇ ಉಳಿದಾಗ ದನಿಯ ನಡುಕ ಕೇಳಿಸುತ್ತದೆ’ ಅಂತ ಬರೆದರೆ ಅವರೇ ಹೋಗಿ ಕೇಳಿ, ಬೇಕಿದ್ದರೆ ನಿಮ್ಮ ಜೊತೆ ಜಗಳವಾಡಬಹುದು. ಆಲ್ಬಂ ಉದ್ದವಾಯಿತು ಅನ್ನಿಸಿದರೆ ಯಾವ ಹಾಡು ಬಿಡಬಹುದಿತ್ತು ಎಂದು ಹೆಸರಿಸಿ. ಇಷ್ಟಾದ ಮೇಲೆ ಸ್ಟಾರ್ ಕೊಟ್ಟರೂ ಸರಿ, ಬಿಟ್ಟರೂ ಸರಿ.

ಪ್ರಶ್ನೆ: ಎಲ್‌ಪಿಯಲ್ಲಿ (ಗ್ರಾಮಫೋನ್ ತಟ್ಟೆಯಲ್ಲಿ) ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ಸಕಾರಗಳು ಸಿಡಿಯುತ್ತವೆ. ಮಿಕ್ಸಿಂಗ್ ಕೆಟ್ಟಿದೆ ಎಂದು ಬರೆಯಲೇ?

ಉತ್ತರ: ಈಗಲೇ ಬೇಡ. ತಟ್ಟೆ ತಿರುಗುವುದು ಒಂದೇ ವೇಗದಲ್ಲಿ, ಆದರೆ ಸೂಜಿಯ ಕೆಳಗೆ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೀರು ಹಾದುಹೋದರೆ ಒಳ ಅಂಚಿನಲ್ಲಿ ಬರೀ 21 ಸೆಂ.ಮೀ. ಅಷ್ಟೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗುತ್ತದೆ, ಸಕಾರದಂಥ ಚೂಪು ಸದ್ದು ಮೊದಲು ಕೆಡುತ್ತದೆ. ಅದೇ ಹಾಡನ್ನು ಡಿಜಿಟಲ್ ರೂಪದಲ್ಲಿ ಕೇಳಿ. ಅಲ್ಲೂ ಸಿಡಿದರೆ ಮಿಕ್ಸಿಂಗ್ ಅಥವಾ ಮಾಸ್ಟರಿಂಗ್ ಬಗ್ಗೆ ಬರೆಯಿರಿ. ಅಲ್ಲಿ ಸರಿಯಿದ್ದರೆ ಸೂಜಿ ಒರೆಸಿ, ಸೂಜಿ ಕೂರಿಸಿದ ಕಾರ್ಟ್ರಿಜ್‌ನ ಕೋನವನ್ನು ಪ್ರೊಟ್ರ್ಯಾಕ್ಟರ್ ಇಟ್ಟು ಸರಿಮಾಡಿ, ಮತ್ತೊಮ್ಮೆ ಹಾಕಿ ನೋಡಿ.