ಒಂದು ವರ್ಷದಲ್ಲಿ ಕಾಲೇಜು ಲೈಬ್ರರಿ ಸುಧಾರಿಸಬೇಕು, ಯಾವ ಸಾಫ್ಟ್‌ವೇರ್ ಹಾಕಿಸಲಿ?

ಹನ್ನೆರಡು ಸಾವಿರ ಪುಸ್ತಕ, ಒಬ್ಬರೇ ಅಟೆಂಡರ್, ಪ್ರಿನ್ಸಿಪಾಲರು ಕೊಟ್ಟ ಒಂದು ವರ್ಷ. ನಿಮ್ಮ ಪ್ರಶ್ನೆ ಓದಿ ನನ್ನದೇ 2016 ನೆನಪಾಯಿತು.

ನಾನು ಲೈಬ್ರರಿಯನ್ ಆಗಿ ಸೇರಿದ್ದು ಒಂದು ತಾಲ್ಲೂಕು ಊರಿನ ಡಿಗ್ರಿ ಕಾಲೇಜಿಗೆ. ಪುಸ್ತಕಗಳೆಲ್ಲ ಗಾಜಿನ ಬೀರುಗಳಲ್ಲಿ, ಬೀಗದ ಕೈ ಗೊಂಚಲು ಅಟೆಂಡರ್ ಸೊಂಟದಲ್ಲಿ. ಹುಡುಗರು ಚೀಟಿಯಲ್ಲಿ ಹೆಸರು ಬರೆದು ಕೊಡಬೇಕು, ಅವರು ಒಳಗೆ ಹೋಗಿ ಹುಡುಕಿ ತರಬೇಕು. ಅರ್ಧ ಸಲ 'ಇಲ್ಲ' ಅಂತಲೇ ಉತ್ತರ. ಇದಕ್ಕೆಲ್ಲ ಕಂಪ್ಯೂಟರೇ ಮದ್ದು ಅಂತ ನಾನು ನಂಬಿದ್ದೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬೇರೆ ಬರುವುದಿತ್ತು. "ಅವರು ಬರೋದ್ರೊಳಗೆ ಎಲ್ಲಾ ಕಂಪ್ಯೂಟರಿಗೆ ಹತ್ತಬೇಕು ನೋಡಿ" ಅಂದರು ಪ್ರಿನ್ಸಿಪಾಲರು. ಜುಲೈನಲ್ಲಿ ಬಾಗಿಲಿಗೆ ನೋಟಿಸ್ ಅಂಟಿಸಿದೆ: ಗಣಕೀಕರಣದ ಕಾರಣ ಒಂದು ತಿಂಗಳು ಪುಸ್ತಕ ಕೊಡುವುದಿಲ್ಲ.

ಆ ಒಂದು ತಿಂಗಳು ಐದಾಯಿತು. ಹೇಗೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡ ಪುಸ್ತಕಗಳು. ಎಂಟ್ರಿಗೆ ಡಿಟಿಪಿ ಕೆಲಸ ಗೊತ್ತಿದ್ದ ಇಬ್ಬರು ಹುಡುಗರನ್ನು ಕರೆಸಿದೆ. ಅವರ ಕೈ ಓಡುತ್ತಿದ್ದದ್ದು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ. ಬಂದ ಪುಸ್ತಕಗಳನ್ನೆಲ್ಲ ನಂಬರ್ ಹಾಕಿ ಬರೆದಿಡುವ ಅಕ್ಸೆಷನ್ ರಿಜಿಸ್ಟರ್ ನೋಡಿಕೊಂಡು ಎಕ್ಸೆಲ್‌ನಲ್ಲಿ ಟಕಟಕ ಹೊಡೆದರು. ಪರದೆಯ ಮೇಲೆ ಕನ್ನಡ ಮುದ್ದಾಗಿ ಕಾಣುತ್ತಿತ್ತು. ಆದರೆ ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ ಅಲ್ಲ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ಬೇರೆ ಕಡೆ ಒಯ್ದರೆ ವೇಷ ಕಳಚುತ್ತದೆ. ಕೊಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರಿಗೆ ಆ ಫೈಲ್ ಏರಿಸಿದ ದಿನ 'ಕನ್ನಡ' ಅನ್ನುವ ಪದ ಇದ್ದಲ್ಲೆಲ್ಲ ಒಂದು 'ಪಿ', ತಲೆಯ ಮೇಲೆ ಕಡ್ಡಿ ಹೊತ್ತ ಒಂದು 'ಎ', ಅದರ ಪಕ್ಕ ಬ್ರಿಟಿಷರ ಪೌಂಡ್ ಚಿಹ್ನೆ! ಸಾವಿರಾರು ಸಾಲು ಹೀಗೇ. ಕುವೆಂಪು ಅಂತ ಹುಡುಕಿದರೆ ಸೊನ್ನೆ, ಕಾರಂತ ಅಂತ ಹುಡುಕಿದರೂ ಸೊನ್ನೆ.

ನುಡಿಯನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಇದೆಯಲ್ಲ ಅನ್ನುತ್ತೀರಿ. ಇದೆ. ಆದರೆ ಹುಡುಗರು ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಕಾಲಂನಲ್ಲಿ ಹೊಡೆದಿದ್ದರು. ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷದ್ದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಕಾಮರ್ಸ್ ಪುಸ್ತಕಗಳ ಹೆಸರೂ ಅರ್ಥವಿಲ್ಲದ ಕನ್ನಡವಾಗಿ ಹೊರಬಂದವು. ಸಾಲು ಸಾಲು ಬೇರೆ ಮಾಡಿ, ತಿದ್ದಿ, ಮತ್ತೆ ಏರಿಸುವ ಹೊತ್ತಿಗೆ ಡಿಸೆಂಬರ್ ಬಂತು.

ಹುಡುಗರನ್ನು ಬೈದು ಪ್ರಯೋಜನವಿಲ್ಲ. ನೂರು ಪುಸ್ತಕ ಹೊಡೆಸಿ, ಏರಿಸಿ, ಹುಡುಕಿ ನೋಡಿದ್ದರೆ ಮೊದಲ ವಾರವೇ ಬಣ್ಣ ಬಯಲಾಗುತ್ತಿತ್ತು. ಆದರೂ ನನ್ನ ನಿಜವಾದ ತಪ್ಪು ಫಾಂಟ್ ಅಲ್ಲ, ಆ ನೋಟಿಸ್. ಕೌಂಟರ್ ತೆರೆದಿಟ್ಟಿದ್ದರೆ ಎಂಟ್ರಿಗೆ ಐದು ತಿಂಗಳಲ್ಲ, ಎರಡು ವರ್ಷ ಹಿಡಿದರೂ ಯಾರ ಗಂಟೂ ಹೋಗುತ್ತಿರಲಿಲ್ಲ. ಓದಲು ಹೋಗಿ ವಾಪಸು ಬಂದ ಪುಸ್ತಕವನ್ನು ಮಾತ್ರ ದಿನಾ ಎಂಟ್ರಿ ಮಾಡುತ್ತಾ ಹೋದರೆ ಸಾಕಿತ್ತು. ಓಡಾಡುವ ಪುಸ್ತಕ ತಾನಾಗಿಯೇ ಮೇಜಿಗೆ ಬರುತ್ತದೆ, ಅಲ್ವಾ? ಬೀರುವಿನಲ್ಲಿ ಧೂಳು ತಿನ್ನುವುದಕ್ಕೆ ಏನು ಅವಸರ?

ಜನವರಿಯಲ್ಲಿ ಕೌಂಟರ್ ತೆರೆದರೆ ಯಾರೂ ಬರಲಿಲ್ಲ. ದಾರಿಯೇ ಮರೆತಿದ್ದರು. ಮೇ ತಿಂಗಳಲ್ಲಿ ಕೊನೆ ವರ್ಷದ ಬಿಎ ಹುಡುಗಿಯೊಬ್ಬಳು ಪುಸ್ತಕ ಬಾಕಿ ಇಲ್ಲ ಅನ್ನುವ ನೋ ಡ್ಯೂ ಸಹಿಗೆ ಬಂದಳು. "ಸರ್, ಈ ವರ್ಷ ನಾನು ಒಂದೂ ಪುಸ್ತಕ ತಗೊಂಡಿಲ್ಲ. ಆದ್ರೂ ಸಹಿ ಬೇಕಾ?" ಅಂದಳು. ಸುಮ್ನೆ ಸಹಿ ಹಾಕಿದೆ. 'ಪುಸ್ತಕ ಇರುವುದು ಬಳಸಲು' ಅನ್ನುವುದು ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿ ಬರೆದವನು ನಾನು.

ಹಾಗಾಗಿ ಯಾವ ಸಾಫ್ಟ್‌ವೇರ್ ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. ಕೊಹಾ ಪುಕ್ಕಟೆ ಸಿಗುತ್ತದೆ, ಯೂನಿಕೋಡ್ ಕನ್ನಡ ಅದಕ್ಕೆ ಒಗ್ಗುತ್ತದೆ. ಮುಗೀತು. ಮೊದಲ ಮೂರು ತಿಂಗಳು ಅದನ್ನೂ ಮುಟ್ಟಬೇಡಿ. ಬಾಗಿಲಲ್ಲಿ ಕೂತು ಯಾರು ಬರುತ್ತಾರೆ, ಏನು ಕೇಳಿ ಬರಿಗೈಲಿ ಹೋಗುತ್ತಾರೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ನಮ್ಮ ನೋಟ್‌ಬುಕ್ ತುಂಬ ಎಫ್‌ಡಿಎ, ಎಸ್‌ಡಿಎ, ಪಿಡಿಒ ಅಂಥ ಸರ್ಕಾರಿ ಕೆಲಸದ ಪರೀಕ್ಷೆಯ ಪುಸ್ತಕಗಳೇ. ನಾವು ತರಿಸುತ್ತಿದ್ದದ್ದು ಬರೀ ಪಠ್ಯಪುಸ್ತಕ. ಈಗಂತೂ ಪಠ್ಯಕ್ರಮವನ್ನು ನಂಬಿ ದುಡ್ಡು ಸುರಿಯಲೇಬೇಡಿ. 2021ರಲ್ಲಿ ನಮ್ಮ ರಾಜ್ಯದ ಕಾಲೇಜುಗಳಿಗೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ (ಎನ್ಇಪಿ) ಬಂತು, 2024ರಲ್ಲಿ ಹೋಯಿತು, ಅದಕ್ಕೆಂದು ಕೊಂಡ ರಾಶಿ ಬೀರುವಿನಲ್ಲೇ ಉಳಿಯಿತು.

ನಮ್ಮಲ್ಲಿ ಇನ್ನೊಂದು ತಮಾಷೆ ಇತ್ತು. ಹುಡುಗರಿಗೆ ಬಿಡುವಿದ್ದದ್ದು ಒಂದೂವರೆಯಿಂದ ಎರಡೂವರೆ, ಆಮೇಲೆ ನಾಲ್ಕಕ್ಕೆ ಹಳ್ಳಿ ಬಸ್ಸು. ಸರಿಯಾಗಿ ಆ ಒಂದು ಗಂಟೆ ಲೈಬ್ರರಿಗೆ ಊಟದ ಬೀಗ! ನಾವಿಬ್ಬರು ಸರದಿಯಲ್ಲಿ ಉಣ್ಣಲು ಶುರು ಮಾಡಿದೆವು. ಪೈಸೆ ಖರ್ಚಿಲ್ಲದ ಈ ಬದಲಾವಣೆಗೆ ಬಂದಷ್ಟು ಜನ ಕಂಪ್ಯೂಟರ್ ನೋಡಲು ಬರಲಿಲ್ಲ.

ಎರಡನೇ ವರ್ಷ ಬೀರುಗಳ ಬೀಗ ತೆಗೆಸಿದೆ. ಯಾರು ಬೇಕಾದರೂ ಒಳಗೆ ಬಂದು ಮುಟ್ಟಿ ನೋಡಬಹುದು. ಅಟೆಂಡರ್ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನುವ ಭಯ ಅವರಿಗೆ. ಪ್ರಿನ್ಸಿಪಾಲರಿಗೂ ಅದೇ ಅಳುಕು. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳ ಪ್ರತಿ ತೆಗೆದು ತೋರಿಸಿದೆ: ವರ್ಷದಲ್ಲಿ ಓದಲು ಹೋದ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಮೋಸ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಅದು ಸಹಜ ಅಂತ ಅದೇ ಹೇಳುತ್ತದೆ. ನಮ್ಮಂಥ ಕಾಲೇಜಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ, ಆದರೆ ಅಚ್ಚಾದ ಕಾಗದಕ್ಕೆ ಒಂದು ತೂಕ ಇರುತ್ತದೆ ನೋಡಿ. ಒಪ್ಪಿದರು.

ವರ್ಷದ ಕೊನೆಗೆ ಎಣಿಸಿದಾಗ ಹನ್ನೊಂದು ಪುಸ್ತಕ ಕಾಣಲಿಲ್ಲ. ಅದರಲ್ಲಿ ನಾಲ್ಕು ಸ್ಟಾಫ್ ರೂಮಿನಲ್ಲಿ ಸಿಕ್ಕವು.